‘ಬಾಗಿಲು’ ಸಂಚಿಕೆಯ ಉತ್ತರಗಳು

ತಾ. ೧೪, ಸೋಮವಾರ ಸಂಜೆ

ಮುದ್ದಿನ ಮಗಳಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದ. ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲವೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ಯಾಕೆ ಎರಡೇ ಮಾತಿಗೆ ಮುಗಿಸುತ್ತೀಯ ಎಂದು ನೀನು ಕೇಳಿದ್ದೆ. ಈಚೆಗೆ ಫೋನ್ ಎತ್ತಿದರೆ ಆ ಕಡೆ ಯಾರೋ ಉಸಿರಾಡುತ್ತಾರೆ, ಮಾತಾಡುವುದಿಲ್ಲ. ಅದಕ್ಕೇ ಯಾರದೇ ಆಗಲಿ, ಎರಡು ಮಾತಾಡಿ ಇಟ್ಟುಬಿಡುತ್ತೇನೆ. ಪುಟ್ಟಿಗೆ ಮುಂದಿನ ಹಲ್ಲು ಬಿತ್ತಂತೆ. ನಿನಗೂ ಆ ವಯಸ್ಸಿನಲ್ಲಿ ಬೊಚ್ಚು ಬಾಯಿ ಬಹಳ ಚಂದ ಕಾಣುತ್ತಿತ್ತು ಎಂದು ಅವಳಿಗೆ ಹೇಳು.

ನಿಮ್ಮಪ್ಪ ಹೋದ ಮೇಲೆ ಪತ್ರಿಕೆ ನಿಲ್ಲಿಸು ಎಂದು ನೀನು ಬಡಿದುಕೊಂಡೆ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಇದನ್ನು ಓದಿ ‘ನಾನು ಅವತ್ತೇ ಹೇಳಿರಲಿಲ್ವಾ’ ಎಂದು ಬರೆಯಬೇಡ. ಅದು ನನಗೂ ಗೊತ್ತು.

ನಮ್ಮ ‘ಒಂದೇ ಬೇರು’ ಪತ್ರಿಕೆ ನಡೆಯುವ ರೀತಿ ನಿನಗೆ ತಿಳಿದದ್ದೇ. ಸಂಚಿಕೆಗೊಂದು ವಿಷಯ. ನಡುವಿನ ಪುಟಗಳಲ್ಲಿ ಆ ವಿಷಯದ ಮೇಲೆ ಬೇರೆಬೇರೆ ಧರ್ಮಗ್ರಂಥಗಳ ಮಾತುಗಳು, ಯಾವ ಮಾತು ಯಾರದು ಎಂದು ಹೇಳದೆ. ಉತ್ತರ ಮುಂದಿನ ಸಂಚಿಕೆಯಲ್ಲಿ. ಇದು ನಿಮ್ಮಪ್ಪನ ಹಟ. “ಯಾರು ಹೇಳಿದ್ದು ಅಂತ ಗೊತ್ತಾದ್ರೆ ಏನು ಹೇಳಿದ್ದು ಅಂತ ಯಾರೂ ಕೇಳಲ್ಲ ಕಣೇ” ಎನ್ನುತ್ತಿದ್ದರು. ಓದುಗರು ಊಹಿಸಿ ಬರೆಯುತ್ತಾರೆ. ನಿನ್ನ ಚಿಕ್ಕಮ್ಮ ಪ್ರತಿ ಸಲವೂ ಎಲ್ಲ ಮಾತೂ ನಮ್ಮ ಗ್ರಂಥದ್ದೇ ಎಂದು ಬರೆದು, ಪ್ರತಿ ಸಲವೂ ಸೋತು, ಒಂದು ವಾರ ನನ್ನ ಹತ್ತಿರ ಮಾತು ಬಿಡುತ್ತಾಳೆ.

ಕಳೆದ ಸಂಚಿಕೆಯ ವಿಷಯ ‘ಬಾಗಿಲು’. ಮಾತುಗಳನ್ನು ಆರಿಸಿ ಅನುವಾದಿಸಿದ್ದು ಎಂದಿನಂತೆ ನಿಮ್ಮಪ್ಪನ ಗೆಳೆಯ, ಕೆಳಬೀದಿಯ ಮೇಷ್ಟ್ರು. ಕೆಳಬೀದಿಯವರ ಧರ್ಮ ಬೇರೆಯಾದರೂ ನಮ್ಮ ಗ್ರಂಥವನ್ನೂ ಅರೆದು ಕುಡಿದವರು ಅವರು. ಅದರಲ್ಲಿ ಒಂದು ಮಾತು ಹೀಗಿತ್ತು: ‘ನೀವು ಬೀಗ ಹಾಕಿದ ಮನೆಯಲ್ಲಿ ನನ್ನನ್ನು ಹುಡುಕಬೇಡಿ.’ ಅದು ನಮ್ಮದೇ ಗ್ರಂಥದ್ದು. ನಿಮ್ಮಪ್ಪನ ಹಳೆಯ ಪ್ರತಿಯಲ್ಲಿದೆ, ನಾನೇ ತೆಗೆದು ತಾಳೆ ನೋಡಿದ್ದೆ. ಸಂಚಿಕೆ ಓದುಗರ ಕೈಸೇರುವ ಹೊತ್ತಿಗೆ ನಮ್ಮವರು ಮಾಡಿದ್ದೇನು ಗೊತ್ತೇ? ಕೆಳಬೀದಿಯವರು ತಲೆತಲಾಂತರದಿಂದ ಓಡಾಡುತ್ತಿದ್ದ, ನಮ್ಮ ಪ್ರಾರ್ಥನಾಮಂದಿರದ ಪಕ್ಕದ ಬಾಗಿಲಿಗೆ ಜಗಳವಾಡಿ ಬೀಗ ಜಡಿದಿದ್ದರು. ಉರಿಯುವ ಒಲೆಗೆ ನಾವೇ ಸೌದೆ ಹೊತ್ತುಹಾಕಿದಂತಾಯಿತು.

ಮೊದಲು ಬಂದದ್ದು ಮರದ ವ್ಯಾಪಾರಿ, ಮಂದಿರದ ಕಾರ್ಯದರ್ಶಿ. ನಾನು ಅವರನ್ನು ಮನಸ್ಸಿನಲ್ಲೇ ‘ಬೆಣ್ಣೆ’ ಎಂದು ಕರೆಯುತ್ತೇನೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಜೊತೆಗೆ ಇಬ್ಬರು ಗಟ್ಟಿಗರು, ಅವರು ಕೂರಲೂ ಇಲ್ಲ, ಕಿಟಕಿಯ ಚಿಲಕ, ಹಿಂಬಾಗಿಲು ಎಲ್ಲ ನೋಡುತ್ತ ನಿಂತರು.

“ಅಕ್ಕಾ, ನೀವು ನಮ್ಮವರು. ಆ ಬೀಗದ ಮಾತು ಯಾವ ಪುಸ್ತಕದ್ದು, ಹೇಳ್ಬಿಡಿ. ಹುಡುಗರು ಕೇಳ್ತಾರೆ, ನನಗೆ ಉತ್ತರ ಕೊಡೋಕಾಗ್ತಿಲ್ಲ” ಎಂದರು.

“ಮುಂದಿನ ಸಂಚಿಕೆ ಬರುತ್ತಲ್ಲ, ಅದರಲ್ಲಿರುತ್ತೆ” ಎಂದೆ.

“ಕೆಳಬೀದಿಯೋರ ಪುಸ್ತಕದ್ದು ಅಂತಾದ್ರೆ ಸರಿ, ಅವರ ಬಾಗಿಲಿಗೆ ಅವರು ಹೇಳ್ಕೊಂಡದ್ದು ಅಂತ ಸುಮ್ನಾಗ್ತೀವಿ. ನಮ್ಮದರಲ್ಲಿ ಇದೆ ಅಂತ ಯಾರಾದ್ರೂ ಹಾಕಿದ್ರೆ ಮಾತ್ರ, ಕೆಳಬೀದಿಯೋರು ನಮ್ಮ ಗ್ರಂಥಕ್ಕೇ ಕೈ ಹಾಕಿದ್ರು ಅಂತಾಗುತ್ತೆ. ಆಮೇಲೆ ಹುಡುಗರನ್ನ ಹಿಡಿಯೋದು ನನ್ನ ಕೈಲಾಗಲ್ಲ” ಎಂದು ಹೇಳಿ, ನೀರು ಕೇಳಿ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಹೋದರು.

ಮಂದಿರದವರು ಅಚ್ಚು ಹಾಕಿಸಿದ ನಮ್ಮ ಗ್ರಂಥದ ಹೊಸ ಪ್ರತಿ ತರಿಸಿ ನೋಡಿದೆ. ಆ ಮಾತು ಅದರಲ್ಲಿ ಇಲ್ಲ. ಯಾವಾಗ ಬಿಟ್ಟರೋ, ಯಾರು ಬಿಟ್ಟರೋ. ಹಳೆಯ ಪ್ರತಿ ತೋರಿಸಿದರೆ ಅದನ್ನೂ ನಕಲಿ ಎನ್ನುತ್ತಾರೆ, ಮಾಡಿದವರು ಮೇಷ್ಟ್ರು ಎನ್ನುತ್ತಾರೆ.

ಅಲ್ಲಿಂದ ಮುಂದೆ ಒಂದೊಂದೇ. ಕಚೇರಿಯ ಕಿಟಕಿಗೆ ಕಲ್ಲು ಬಿತ್ತು. ಪ್ರೆಸ್ಸಿನವರು ಬಂದು, “ಕೆಲಸ ಮಾಡ್ಕೊಡ್ತೀನಿ, ಆದ್ರೆ ಕೊನೇ ಪುಟದಲ್ಲಿ ನನ್ನ ಪ್ರೆಸ್ಸಿನ ಹೆಸರು ಬೇಡ, ಮಕ್ಕಳೊಂದಿಗ” ಎಂದು ಕೈ ಮುಗಿದರು. ನಾನು ಬೀದಿಯಲ್ಲಿ ಹೋಗುವಾಗ ಹಿಂದೆ ಸೈಕಲ್ಲು ನಿಧಾನವಾದರೆ ಗೋಡೆಗೆ ಒತ್ತಿಕೊಳ್ಳುತ್ತೇನೆ. ಹಿಂದಿನ ಸಂಚಿಕೆಗಳಲ್ಲೊಂದರ ವಿಷಯ ‘ಅಭಯ’ ಎಂದಿತ್ತು, ನೆನಪಿದೆಯೇ? ಅದರ ಸಂಪಾದಕೀಯ ಬರೆದವಳು ನಾನೇ. ಹುಲಿ ಬರೆಯುವುದು ಬೇರೆ, ಹುಲಿ ಬರುವುದು ಬೇರೆ.

ನಿನ್ನೆ ಮೇಷ್ಟ್ರು ಬಂದಿದ್ದರು. ಕೊಡೆ ಮೂಲೆಗಿಟ್ಟು, ನಿಮ್ಮಪ್ಪನ ಕುರ್ಚಿಯಲ್ಲಿ ಎಂದೂ ಕೂರದವರು ನಿನ್ನೆಯೂ ಕೂರದೆ ಸ್ಟೂಲು ಎಳೆದುಕೊಂಡರು.

“ತಂಗೀ, ಉತ್ತರದ ಪುಟದಲ್ಲಿ ಆ ಮಾತು ನಮ್ಮ ಗ್ರಂಥದ್ದು ಅಂತ ಹಾಕಿಬಿಡು” ಎಂದರು.

“ನಿಮ್ಮ ಗ್ರಂಥದಲ್ಲಿ ಇಲ್ಲವಲ್ಲ ಮೇಷ್ಟ್ರೇ. ನಿಮ್ಮವರು ಸುಮ್ಮನಿರ್ತಾರಾ?”

“ಇರಲ್ಲ. ಇಲ್ಲದ್ದನ್ನ ಸೇರಿಸಿದೆ ಅಂತ ನನ್ನನ್ನ ಬೈತಾರೆ, ದೂರ ಇಡ್ತಾರೆ. ಅದು ಒಬ್ಬನಿಗೆ. ನಿಜ ಹಾಕಿದ್ರೆ ನಿಮ್ಮವರು ಬೀದಿಗೇ ಬರ್ತಾರೆ. ನಮ್ಮ ಬೀದಿ ತುಂಬ ಮಕ್ಕಳಿದ್ದಾರಮ್ಮ.”

ಇಷ್ಟು ವರ್ಷ ಪತ್ರಿಕೆಯಲ್ಲಿ ಒಂದೇ ಒಂದು ಸುಳ್ಳು ಉತ್ತರ ಹಾಕಿದವರಲ್ಲ. ಎಲ್ಲರ ಮಾತೂ ಒಂದೇ ಬೇರಿನದು ಎನ್ನುವ ನಾವು, ಒಬ್ಬರ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟುವುದೇ? ಅದೂ ಆ ಮುದುಕರ ತಲೆಗೆ? “ಆಗಲ್ಲ ಮೇಷ್ಟ್ರೇ, ಹಳೆ ಪ್ರತಿಯ ಪುಟದ ಚಿತ್ರ ಸಮೇತ ನಿಜವನ್ನೇ ಹಾಕ್ತೀನಿ, ಏನು ಬರುತ್ತೋ ನನಗೆ ಬರಲಿ” ಎಂದುಬಿಟ್ಟೆ. ಅವರು ತಲೆ ಅಲ್ಲಾಡಿಸಿದರು. “ನಿನಗೆ ಬರಲ್ಲ ತಂಗಿ. ನೀನು ಅವರಿಗೆ ಅಕ್ಕ” ಎಂದು ಹೇಳಿ ಎದ್ದರು.

ಅವರು ಹೋದ ಮೇಲೂ ಆ ಮಾತು ಕಿವಿಯಲ್ಲೇ ಇದೆ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಪುಟ ಪ್ರೆಸ್ಸಿನಲ್ಲಿ ಜೋಡಿಸಿಯಾಗಿದೆ, ನಾಡಿದ್ದು ಅಚ್ಚಿಗೆ ಹೋಗಬೇಕು, ನಿಜವೇ ಹೋಗುತ್ತದೆ. ನಿಮ್ಮಪ್ಪನ ಮುಖ ನೋಡಿ ಬದುಕಿದವಳು ನಾನು. ನೀನು ಮಾತ್ರ ಸದ್ಯಕ್ಕೆ ಇತ್ತ ಬರಬೇಡ, ಪುಟ್ಟಿಯನ್ನಂತೂ ಕರೆತರಲೇಬೇಡ. ಅಳಿಯಂದಿರಿಗೆ ಇದನ್ನೆಲ್ಲ ಹೇಳಿ ಗಾಬರಿಪಡಿಸಬೇಡ, ಮೊದಲೇ ಅವರದು ಪುಕ್ಕಲು ಸ್ವಭಾವ, ನನ್ನ ಹಾಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ತಣ್ಣಗೆ ಬಾಳಿರಿ.

ಇತಿ,
ನಿನ್ನ ಅಮ್ಮ

ತಾ. ಕ.: ಈ ಕಾಗದ ಅಂಚೆಗೆ ಹಾಕದೆ ಮೇಜಿನ ಮೇಲೇ ಉಳಿಯಿತು. ಸಂಚಿಕೆ ಹೊರಬಂದು ವಾರವಾಯಿತು. ಮೇಲೆ ಬರೆದ ದೊಡ್ಡ ಮಾತುಗಳನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನೀನೂ ನೋಡು. ಇದನ್ನು ಬರೆದ ಮಾರನೆಯ ದಿನ, ಮಂಗಳವಾರ ಬೆಳಗ್ಗೆ, ಕೆಳಬೀದಿಯ ಮೂಲೆ ಅಂಗಡಿಯ ಬಾಗಿಲಿಗೆ ಯಾರೋ ಸೀಮೆಎಣ್ಣೆ ಸುರಿದಿದ್ದರು. ಕಡ್ಡಿ ಗೀರಿರಲಿಲ್ಲ, ಅಷ್ಟೇ. ಸುದ್ದಿ ಕೇಳಿ ನಾನು ಮೇಷ್ಟ್ರ ಮನೆಗೆ ಓಡಲಿಲ್ಲ, ಪ್ರೆಸ್ಸಿಗೆ ಫೋನ್ ಮಾಡಿ ಆ ಸಾಲು ಬದಲಾಯಿಸಿ ಎಂದೆ. ಮೇಷ್ಟ್ರು ಹೇಳಿದಂತೆಯೇ, ಅವರ ಗ್ರಂಥದ್ದು ಎಂದೇ ಅಚ್ಚಾಯಿತು. ಬೆಣ್ಣೆ ಬಂದು ನಗುತ್ತ ಪ್ರತಿಗಳನ್ನು ಕೊಂಡೊಯ್ದರು. ಈಗ ಕೆಳಬೀದಿಯಲ್ಲಿ ಮೇಷ್ಟ್ರೊಂದಿಗೆ ಯಾರೂ ಮಾತಾಡುತ್ತಿಲ್ಲವಂತೆ. ಪ್ರಾರ್ಥನೆಯಲ್ಲಿ ಅವರ ಸ್ವಂತ ತಮ್ಮನೇ ಪಕ್ಕದಿಂದ ಎದ್ದು ಹೋದನಂತೆ. ಬೀದಿಗೆ ಮಾತ್ರ ಏನೂ ಆಗಲಿಲ್ಲ.

ನನ್ನನ್ನು ತಿನ್ನುತ್ತಿರುವುದು ಅದೂ ಅಲ್ಲ. ಕರಡು ನೋಡಲು ಆ ಮಂಗಳವಾರ ಸಂಜೆ ಮೇಷ್ಟ್ರೇ ಬಂದಿದ್ದರು. ಪ್ರತಿ ಸಾಲಿನ ಮುಂದೆ ಸರಿ ಎಂದು ಗುರುತು ಹಾಕುತ್ತ ಬಂದು, ಆ ಸಾಲಿನ ಮುಂದೆಯೂ ಹಾಕಿದರು. ಆಮೇಲೆ ನನ್ನ ಮುಖ ನೋಡಿ, “ಭಯ ಹೋಯ್ತಾ ತಂಗಿ?” ಎಂದು ಕೇಳಿದರು. ಹೋಯ್ತು ಎಂದೆ. ಅದು ಸುಳ್ಳಲ್ಲ ಮಗಳೇ. ಅವತ್ತು ನನಗೆ ಗಡದ್ದಾಗಿ ನಿದ್ದೆ ಬಂತು.