ಭಾಗಮ್ಮನ ಬೂದಿ

ರಂಗಂಪೇಟೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ನಂದಿನಿ,

ಇದನ್ನು ಹೇಳದೆಯೇ ಬಿಡುವವಳಿದ್ದೆ. ಶುಕ್ರವಾರ ನೀನು ಫೋನಿನಲ್ಲಿ, "ನೀ ಕಳಿಸಿದ ಬ್ಯಾಟರಿ ಸೆಲ್ ಒಂದು ಚಾರ್ಜಿಗೆ ಹಾಕಿದಾಗ ಉಬ್ಬಿ ಹೊಗೆಯಾಡಿತು, ನನ್ನ ಕೈಯೇ ಎಲ್ಲೋ ತಪ್ಪಿರಬೇಕು" ಎಂದಾಗ ನಾನು "ಇರಬಹುದು" ಎಂದೆ. ತಪ್ಪು ನಿನ್ನದಲ್ಲ. ಉಳಿದವನ್ನು ಮರಳಿನಲ್ಲಿಡು, ನಾನು ಬರೆಯುವ ತನಕ ಮುಟ್ಟಬೇಡ ಎಂದದ್ದೇನೋ ನಿಜ. ಕಾರಣ ಹೇಳುವ ಧೈರ್ಯವಾಗಲಿಲ್ಲ. ದೀಪಾವಳಿಯ ನಿನ್ನ ಪತ್ರಕ್ಕೂ ಉತ್ತರಿಸಿಲ್ಲ. ಎರಡಕ್ಕೂ ಕ್ಷಮಿಸು.

ನಿನ್ನೆ ಶಹಾಪುರದ ರೈಸ್ ಮಿಲ್ಲಿಗೆ ಹೋಗಿದ್ದೆ. ಭತ್ತದ ಹೊಟ್ಟಿನ ಬೂದಿಯನ್ನು ಮೊದಲ ಸಲ ನನಗೆ ತುಂಬಿಕೊಟ್ಟವಳು ಅಲ್ಲಿ ಕೆಲಸ ಮಾಡುವ ಭಾಗಮ್ಮ. ಕಾಲೇಜಿನ ಲ್ಯಾಬಿನಲ್ಲಿ ಆ ಬೂದಿಯಿಂದ ತೆಗೆದ ಸಿಲಿಕಾನ್ ಹಾಕಿದ ಸೆಲ್‌ಗಳು ಹನ್ನೆರಡು ನಿಮಿಷದಲ್ಲಿ ಚಾರ್ಜ್ ಆಗುತ್ತಿದ್ದವು. ಮುನ್ನೂರು ಸಲವಾದರೂ ಉಬ್ಬಲಿಲ್ಲ. ಆಮೇಲಿನ ಬೂದಿಯನ್ನು ಮಿಲ್ಲಿನ ಬಾಯ್ಲರಿನಿಂದ ನಾನೇ ತಂದೆ. ನಿನ್ನಲ್ಲಿರುವ ಸೆಲ್‌ಗಳು ಅದರವು. ಎರಡು ಬೂದಿಗೂ ಅಂಥದ್ದೇನು ವ್ಯತ್ಯಾಸವೆಂದು ಭಾಗಮ್ಮನನ್ನು ಕೇಳಿದೆ.

"ನಾ ಉಪ್ಪು ಕುಟ್ಟಿ ಹಾಕಿದ್ನಲ್ರಿ. ಹಲ್ಲು ತಿಕ್ಕಾಕ ಒಯ್ಯಾಕತ್ತೀರಿ ಅಂತ ತಿಳಕೊಂಡಿದ್ದೆ. ಉಪ್ಪಿಲ್ಲದ ಬೂದಿ ಯಾರಿಗಿ ಕೊಡಾಕ ಬರ್ತದ್ರಿ?"

"ನನಗ ಹೇಳಬಾರದಿತ್ತೇನವಾ ಭಾಗಮ್ಮ?"

"ಎರಡು ಚೀಲ ಒಯ್ದ್ರಿ. ಇವರ ಮನ್ಯಾಗ ಎಷ್ಟು ಬಾಯಿ ಅದಾವೋ ಅಂತ ನಾನೂ ಸುಮ್ಮನಾದೆ. ಇಷ್ಟು ಓದೀರಿ, ಒಂಚೂರು ನಾಲಿಗಿ ಮ್ಯಾಲ ಇಟ್ಟು ನೋಡಬಾರದಿತ್ತೇನ್ರಿ?"

ಅವಳು ಕೊಟ್ಟ ಆ ಮೊದಲ ಬೂದಿಯನ್ನು ತೊಳೆಯದೆಯೇ ಕುಲುಮೆಗಿಟ್ಟಿದ್ದೆ. ಉಪ್ಪು ಕಾವನ್ನು ಹೀರಿಕೊಂಡು ಸಿಲಿಕಾನ್ ಕಣದೊಳಗಿನ ಸಣ್ಣ ರಂಧ್ರಗಳನ್ನು ಉಳಿಸಿರಬೇಕು. ಚಾರ್ಜ್ ಆಗುವಾಗ ಸಿಲಿಕಾನ್ ಊದುತ್ತದೆ. ಊದಲು ಒಳಗೇ ಜಾಗವಿತ್ತು. ನಿನ್ನಲ್ಲಿ ಉಳಿದ ಮೂವತ್ತೊಂಬತ್ತು ಸೆಲ್‌ಗಳಲ್ಲಿ ಆ ಜಾಗವಿಲ್ಲ. ಫೋನ್ ಸದ್ದಾದರೆ ಹೈದರಾಬಾದಿನಿಂದ ನೀನೇ ಏನೋ ಎಂದು ನೋಡಲೂ ಭಯ. ಮಾತು ಮೀರಿ ಇನ್ನೊಂದನ್ನು ಚಾರ್ಜಿಗೆ ಹಾಕಿಬಿಟ್ಟೆಯಾ? ಹಾಕಬೇಡ.

ನೀನೂ ನಿನ್ನ ಲ್ಯಾಬಿನ ಹುಡುಗಿಯರೂ ಸುಖವಾಗಿರಿ. ಅಲ್ಲಾಹ್ ನಿಮ್ಮನ್ನು ಕಾಯಲಿ.

ನಿನ್ನ
ಅಂಜುಮ್

ತಾ.ಕ.: ನಂದಿನಿ, ಅವು ಉಬ್ಬುತ್ತವೆಂದು ನನಗೆ ಶುಕ್ರವಾರ ತಿಳಿದದ್ದಲ್ಲ. ಆಗಸ್ಟಿನಲ್ಲೇ ನನ್ನ ಮೇಜಿನ ಮೇಲೆ ಎರಡನೇ ಬೂದಿಯ ಎರಡು ಸೆಲ್‌ಗಳು ಉಬ್ಬಿದ್ದವು. ಅವೆರಡನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆದು, ಉಳಿದವನ್ನು ನಿನಗೆ ಕಳಿಸಿದೆ. ನಲವತ್ತಾರನೆಯ ವಯಸ್ಸಿನಲ್ಲಿ ಸಿಕ್ಕ ಒಂದೇ ಒಳ್ಳೆಯ ಫಲಿತಾಂಶವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನನ್ನ ಪಟ್ಟಿಯನ್ನು ನೀನು ಪ್ರಶ್ನಿಸುವುದಿಲ್ಲವೆಂದೂ ಗೊತ್ತಿತ್ತು. ನಾಳೆ ಅಂಚೆ ಕಚೇರಿ ತೆರೆಯುತ್ತಿದ್ದಂತೆ ಈ ಪತ್ರ ಹಾಕುತ್ತೇನೆ: ಸೋಮವಾರ, 17 ನವೆಂಬರ್ 2025.