ಹಪ್ಪಳದ ಜಾಗದಲ್ಲಿ ಸೋಲಾರ್

ಅಮ್ಮಾ,

ತ್ರಿಪ್ಪುಣಿತ್ತುರದ ನಮ್ಮ ಮನೆಯ ತಾರಸಿಗೆ ಕೊನೆಗೂ ಸೋಲಾರ್ ಹಾಕಿಸಿದೆ. ನೀನಿದ್ದಿದ್ದರೆ ಮೊದಲು ಬೈದು, ಆಮೇಲೆ ಮೆಲ್ಲಗೆ ಹತ್ತಿ ಹೋಗಿ ನೋಡುತ್ತಿದ್ದೆ.

ಮೊದಲು ಬಂದ ಇಬ್ಬರು ಕಂಪನಿಯವರು ನೀರಿನ ಟ್ಯಾಂಕಿನ ಪಕ್ಕಕ್ಕೆ ಕೈ ತೋರಿಸಿ, ಬ್ಯಾಟರಿಯ ಗುಣಗಾನ ಮಾಡಿ ಹೋದರು. ಆಮೇಲೆ ಬಂದವರು ವಿಲ್ಸನ್. "ಚೇಚಿ, ಈ ಮನೆಯಲ್ಲಿ ಹಪ್ಪಳ, ಮೆಣಸು ಎಲ್ಲ ಒಣಗಿಸುವುದು ಎಲ್ಲಿ?" ಎಂದು ಕೇಳಿದರು. ಕೆಲಸ ಅವರಿಗೇ ಕೊಟ್ಟೆ. ನೀನು ಚಾಪೆ ಹಾಸುತ್ತಿದ್ದ ಜಾಗದಲ್ಲೇ ಪ್ಯಾನೆಲ್ ಕೂತಿದೆ.

ಎಂಥಾ ಅಂದಾಜಮ್ಮ ನಿನ್ನದು! ರಜೆಯ ದಿನ ನಾನು ಮೀಟರಿನ ಮುಂದೆಯೇ ನಿಂತಿರುತ್ತೇನೆ. ಮಧ್ಯಾಹ್ನವಿಡೀ ಅಂಕಿ ಮೇಲೆಯೇ ಇರುತ್ತದೆ. ಪಕ್ಕದ ಮನೆಯ ತೆಂಗಿನಮರದ ನೆರಳು ಬಿದ್ದು ಅದು ಇಳಿಯುವ ಹೊತ್ತು, ನೀನು ಊಟದ ಮೇಲಿನ ನಿದ್ದೆ ಬಿಟ್ಟೆದ್ದು ಚಾಪೆಯನ್ನು ಬಿಸಿಲಿಗೆ ಎಳೆಯಲು ಹೋಗುತ್ತಿದ್ದ ಹೊತ್ತೇ. "ಅಂಗಡಿಯಲ್ಲಿ ಸಿಗ್ತದಲ್ಲ, ಯಾಕೆ ಒದ್ದಾಡ್ತಿ?" ಅಂತ ನಾನು ಮಲಗಿದಲ್ಲಿಂದಲೇ ಕೇಳುತ್ತಿದ್ದೆ.

ಇವತ್ತು ಸಂಜೆ ಕರೆಂಟ್ ಹೋಯಿತು. ಬೀದಿಯೆಲ್ಲ ಕತ್ತಲೆ, ನಮ್ಮ ಅಡುಗೆಮನೆಯಲ್ಲಿ ಮಾತ್ರ ದೀಪ. ಬ್ಯಾಟರಿಯಲ್ಲಿ ಕೂಡಿಟ್ಟ ನಿನ್ನ ಬಿಸಿಲಿನ ಬೆಳಕಿನಲ್ಲಿ ಕೂತು ಗಂಜಿ ಉಂಡೆ.

ಹಪ್ಪಳ ಅಂಗಡಿಯದು.