ಹದಿನಾಲ್ಕು ದಿನದ ನೀರು

ದೋಣಿಗಲ್
೯ ಡಿಸೆಂಬರ್

ಚಂದ್ರಿಕಾ,

ಕ್ಷೇಮ ಕೇಳಿ ಕಾಗದ ಶುರುಮಾಡುವುದು ರೂಢಿ. ನಿನ್ನ ಕ್ಷೇಮ ಕೆಡಿಸಿದವನೇ ಅದನ್ನು ಕೇಳಿದರೆ ನೀನು ಇಲ್ಲಿಗೇ ಓದು ನಿಲ್ಲಿಸುತ್ತೀಯ ಎಂಬ ಭಯಕ್ಕೆ ಕೇಳುತ್ತಿಲ್ಲ. ನಾನು ಇದ್ದೇನೆ. ಮಂಡಿನೋವು ಹಾಗೇ ಇದೆ. ಅನ್ನ ನಾನೇ ಮಾಡಿಕೊಳ್ಳುತ್ತೇನೆ, ಸಾರು ಪಕ್ಕದ ನಂಜುಂಡನ ಮನೆಯಿಂದ ಬರುತ್ತದೆ. ಅವನ ಹೆಂಡತಿ ಖಾರ ಸ್ವಲ್ಪ ಜಾಸ್ತಿಯೇ ಹಾಕುತ್ತಾಳೆ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ನೀನು ಹೊಂಗಡಹಳ್ಳದ ನಿನ್ನಕ್ಕನ ಮನೆಗೆ ಹೋಗಿ ಆರು ತಿಂಗಳಾಯಿತು. ನಾಲ್ಕೈದು ಸಲ ಫೋನ್ ಮಾಡಿದೆನಲ್ಲ, ಪ್ರತಿ ಸಲವೂ ಮೆಣಸಿನ ಬಳ್ಳಿ, ಆನೆ ಬಂದದ್ದು, ಕರೆಂಟು ಹೋದದ್ದು ಹೇಳಿ ಇಟ್ಟುಬಿಟ್ಟೆ. ಹೇಳಬೇಕಾದದ್ದನ್ನು ಹೇಳದೇ ಹೋದೆ. ಮಿಲಿಟರಿಯಲ್ಲಿದ್ದಾಗ ನಾನು ಬರೆಯುತ್ತಿದ್ದ ಕಾಗದಗಳೂ ಹಾಗೇ ಇರುತ್ತಿದ್ದವು. ಹವಾಮಾನ ವರದಿ ಓದಿದ ಹಾಗಿರ್ತದೆ ಎಂದು ನೀನು ಆಗಲೇ ಹಂಗಿಸುತ್ತಿದ್ದೆ.

ಹೋದ ವಾರ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನಕ್ಕ ಮೀನಾಕ್ಷಮ್ಮ ಸಿಕ್ಕಿದರು. "ಅವಳು ಇನ್ನು ಸಸಿ ಮಾಡಲ್ವಂತೆ ಕಣಪ್ಪ. ಬೀಜದ ಹಣ್ಣು ಆರಿಸೋ ಟೈಮು, ಬಾ ಅಂದ್ರೆ ತೋಟದ ಕಡೆ ತಲೆನೇ ಹಾಕಲ್ಲ. ನನ್ನಾಸೆಯಿಂದ ಒರತೆ ಬತ್ತೋಯ್ತು, ನನ್ನ ಕೈ ಸರಿ ಇಲ್ಲ, ಅದೊಂದೇ ಮಾತು ಅವಳ್ದು" ಎಂದರು. ಇಪ್ಪತ್ತೆರಡು ವರ್ಷ ಕಾಫಿ ಸಸಿ ಎಬ್ಬಿಸಿದ ಕೈ ನಿನ್ನದು. ಈ ಸುತ್ತಿನಲ್ಲಿ ನಿನ್ನ ನರ್ಸರಿಯ ಗಿಡ ಇಲ್ಲದ ಸಣ್ಣ ತೋಟ ಹುಡುಕಬೇಕು. ರಿಟೈರ್ ಆಗಿ ನನ್ನ ಪೆನ್ಷನ್ ಕೈಗೆ ಬರುವವರೆಗೂ ಮನೆ ನಡೆದದ್ದು ಆ ಕೈಯಿಂದ. ಅವರ ಚೀಲ ಬಸ್ಸಿಗೆ ಹತ್ತಿಸಿಕೊಟ್ಟು ಮನೆಗೆ ಬಂದೆ, ಆಗಲೂ ನಿಜ ಹೇಳಲಿಲ್ಲ.

ನಮ್ಮ ತೋಟದ ಒರತೆ ಬತ್ತಿದ್ದು ನಿನ್ನಿಂದಲ್ಲ ಚಂದ್ರಿಕಾ. ನನ್ನಿಂದ.

ಮೊದಲಿಂದ ಹೇಳುತ್ತೇನೆ. ಮೇ ತಿಂಗಳಲ್ಲಿ ಗಡಿಯಲ್ಲಿ ಗಲಾಟೆ ಹತ್ತಿಕೊಂಡು, ಟೀವಿಯಲ್ಲಿ ದಿನವಿಡೀ ಅಣುಬಾಂಬಿನ ಮಾತೇ ಆದಾಗ ಪಂಚಾಯಿತಿಯವರು ನನ್ನನ್ನು ಕರೆದರು. ರಿಟೈರ್ಡ್ ಹವಾಲ್ದಾರರು, ಮಿಲಿಟರಿಯಲ್ಲಿ ಅದನ್ನೇ ಕಲಿಸುತ್ತಿದ್ದವರು, ಜನಕ್ಕೆ ನಾಲ್ಕು ಮಾತು ಧೈರ್ಯ ಹೇಳಲಿ ಎಂದು. ನಿನಗೂ ಹೆಮ್ಮೆಯಾಗಿತ್ತು, ಶರ್ಟಿಗೆ ನೀನೇ ಇಸ್ತ್ರಿ ಹಾಕಿಕೊಟ್ಟೆ. ಕಣ್ಣು ಮುಚ್ಚಿ ಬೋರಲು ಮಲಗಿ, ಬಾಗಿಲು ಕಿಟಕಿ ಭದ್ರ ಮಾಡಿ, ಹದಿನಾಲ್ಕು ದಿನ ಹೊರಗೆ ಕಾಲಿಡಬೇಡಿ ಎಂದೆಲ್ಲ ಹೇಳಿದೆ. ಹಿಂದಿನ ಬೆಂಚಿನಿಂದ ಯಾರೋ, "ನಮ್ಮೂರ ಮೇಲೆ ಬಾಂಬ್ ಹಾಕಕ್ಕೆ ಇಲ್ಲಿ ಏನೈತೆ ಮಾರಾಯ, ನಾಲ್ಕು ಕಾಫಿ ಗಿಡ" ಎಂದು ನಕ್ಕರು. ನಾನೂ ನಕ್ಕೆ. ಆಗ ಶಾಲೆಯಲ್ಲಿ ಬಿಸಿಯೂಟ ಮಾಡುವ ಪಾರ್ವತಮ್ಮ ಎದ್ದು, "ಸಾರ್, ಹದಿನೈದನೇ ದಿನ ಹೊರಕ್ಕೆ ಬಂದೋರು ಯಾವ ನೀರು ಕುಡಿಯೋದು?" ಎಂದು ಕೇಳಿದಳು.

ಹನ್ನೊಂದು ವರ್ಷ ಅದನ್ನೇ ಪಾಠ ಮಾಡಿದವನು, ಮುಚ್ಚಿಟ್ಟ ನೀರು ಕುಡಿಯಿರಿ ತಾಯಿ ಎಂದು ಕೂತುಬಿಟ್ಟೆ.

ನಾನು ಕಲಿಸುತ್ತಿದ್ದುದು ಏನೆಂದು ನೀನು ಬಿಡಿಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂಬತ್ತು ಸೆಕೆಂಡಿನಲ್ಲಿ ಗ್ಯಾಸ್ ಮುಖವಾಡ ಹಾಕಿಕೊಳ್ಳುವುದು. ನಾನು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದೆ. ಹತ್ತು ಸೆಕೆಂಡು ತೆಗೆದುಕೊಂಡವನಿಗೆ, ಸತ್ತೆ ನೀನು, ಎಂದು ಕೂಗಿ ಮೈದಾನ ಸುತ್ತಿಸುತ್ತಿದ್ದೆ. ಒಂದು ದಿನ ಚಹಾದ ಹೊತ್ತಿನಲ್ಲಿ ನಮ್ಮ ಸುಬೇದಾರ್ ಸಾಹೇಬರನ್ನು ಕೇಳಿದೆ, ಒಂಬತ್ತು ಸೆಕೆಂಡಿನಲ್ಲಿ ಹಾಕಿಕೊಂಡವನು ಆಮೇಲೆ ಏನು ಮಾಡಬೇಕು ಎಂದು. ಅದು ಸಿಲಬಸ್ಸಿನಲ್ಲಿಲ್ಲ ಎಂದು ಹೇಳಿ ಅವರು ಬಿಸ್ಕತ್ತು ಅದ್ದಿಕೊಂಡರು. ಸಿಲಬಸ್ಸಿನಲ್ಲಿ ಇಲ್ಲದ್ದು ಲೈಬ್ರರಿಯ ಪುಸ್ತಕಗಳಲ್ಲಿತ್ತು. ಓದಬಾರದಿತ್ತು, ಓದಿದೆ.

ಬಾಂಬು ನಮ್ಮ ತಲೆ ಮೇಲೇ ಬೀಳಬೇಕಾಗಿಲ್ಲ. ಎಲ್ಲೋ ದೂರದಲ್ಲಿ ಬಿದ್ದರೂ ಎದ್ದ ಬೂದಿ ಗಾಳಿಯಲ್ಲಿ ತೇಲಿ ಹೋಗಿ, ಮೋಡ ಸಿಕ್ಕ ಕಡೆ ಮಳೆಯ ಜೊತೆ ಇಳಿಯುತ್ತದೆ. ಮೋಡಕ್ಕೆ ನಮ್ಮ ಘಾಟಿಗಿಂತ ಬೇರೆ ಜಾಗ ಬೇಕೇ? ಎಡಕುಮೇರಿ ಕಡೆಯಿಂದ ಮೋಡ ಹತ್ತಿ ಬಂದರೆ ನೀನು ಸಸಿಗಳ ಮೇಲಿನ ಚಪ್ಪರ ಸರಿಮಾಡಲು ಓಡುತ್ತಿದ್ದೆ, ನಾನು ಅದನ್ನೇ ನೋಡುತ್ತಾ ಬೇರೆ ಏನೋ ಯೋಚಿಸುತ್ತಿದ್ದೆ. ಆ ವಿಷದಲ್ಲಿ ಒಂದು ಬಗೆ ಪೊಟ್ಯಾಷಿನ ಹಾಗೇ ಇರುತ್ತದೆ. ಬೇರಿಗೆ ವ್ಯತ್ಯಾಸ ತಿಳಿಯದು, ಗೊಬ್ಬರವೆಂದು ಎಳೆದುಕೊಳ್ಳುತ್ತದೆ. ಇನ್ನೊಂದು ಸುಣ್ಣದ ಹಾಗೆ. ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಹೋಗಿ ಕೂರುತ್ತದೆ. ಮೂವತ್ತು ವರ್ಷ ಕಳೆದರೂ ಅರ್ಧ ಉಳಿದಿರುತ್ತದೆ. ಊರಿಗೆ ಊರೇ ಉರಿದ ಹೊಗೆ ಮೇಲೇರಿ ಬಿಸಿಲನ್ನು ಮುಚ್ಚಿದರೆ, ಯುದ್ಧಕ್ಕೆ ಸಂಬಂಧವೇ ಇಲ್ಲದ ದೇಶಗಳಲ್ಲೂ ಮಳೆ ತಪ್ಪಿ ಬೆಳೆ ಕೈಕೊಡುತ್ತದಂತೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ನಿನ್ನ ಎದುರಿಗೆ ಕೂತು ಕಾಫಿ ಕುಡಿದಿದ್ದೇನೆ. ಹೆದರಿ ಹೆದರಿ ಸುಸ್ತಾಗಿದೆ ಚಂದ್ರಿಕಾ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೀಟಿಂಗಿನಿಂದ ಬಂದವನು ಮನೆಗೂ ಹೋಗದೆ ಒರತೆಯ ಹತ್ತಿರ ಹೋದೆ. ನಮ್ಮಜ್ಜನ ಕಾಲದ ಕಲ್ಲುಕಟ್ಟು, ಮೇಲೆ ಬರೀ ಆಕಾಶ. ನೀರಿನಲ್ಲಿ ಎರಡು ಹಲಸಿನೆಲೆ ತೇಲುತ್ತಿದ್ದವು. ಮಾರನೇ ದಿನ ನೀನು ಮೊಮ್ಮಗನ ನಾಮಕರಣದ ತಯಾರಿಗೆಂದು ಆಲೂರಿಗೆ, ಮಗಳು ಧನುಶ್ರೀಯ ಮನೆಗೆ ಹೋದೆ. ನೀನು ಇಲ್ಲದ ಐದು ದಿನದಲ್ಲಿ ನಂಜುಂಡನ ಕೈಯಲ್ಲಿ ಸಿಮೆಂಟು ಹೊರಿಸಿ ಅದನ್ನು ತೊಟ್ಟಿ ಮಾಡಿದೆ. ನೀನು ನೋಡಿದ್ದು ಮೇಲಿನ ಚಪ್ಪಡಿ ಮಾತ್ರ. ಒಳಗೆ ಸುತ್ತಲೂ ಸಿಮೆಂಟಿನ ಗಿಲಾವು ಮಾಡಿದ್ದೆ, ಪಕ್ಕದ ಮಣ್ಣಿನಿಂದ ಕೆಟ್ಟ ನೀರು ಜಿನುಗಬಾರದೆಂದು. ನಮ್ಮ ಕಡೆ ಒರತೆಗೆ ಬರೀ ಕಲ್ಲು ಜೋಡಿಸುತ್ತಾರೆ, ಗಾರೆ ಮುಟ್ಟಿಸುವುದಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತು. ನಂಜುಂಡ ಹೇಳಿದ ಕೂಡ: "ಅಣ್ಣ, ಅದರ ಕಣ್ಣಿಗೆ ಸಿಮೆಂಟ್ ಬಡೀಬ್ಯಾಡಿ. ನೀರು ಬ್ಯಾರೆ ಕಡೆ ತಿರುಗ್ಬುಡ್ತದೆ." ನನಗೆ ಪಾಠ ಹೇಳಬೇಡ ಎಂದು ಅವನ ಬಾಯಿ ಮುಚ್ಚಿಸಿದೆ.

ಆಮೇಲಿನದು ನಿನಗೆ ಗೊತ್ತು. ವಾರದೊಳಗೆ ನೀರು ಬೆರಳು ಗಾತ್ರಕ್ಕೆ ಬಂತು, ಆಮೇಲೆ ನೂಲಿನಷ್ಟಾಯಿತು, ಆಮೇಲೆ ಅದೂ ಇಲ್ಲ. ಈ ಸಲ ಮೇ ಪೂರ್ತಿ ಒಂದು ಹದವಾದ ಮಳೆ ಬರಲಿಲ್ಲ. ವರ್ಷವೂ ಐದು ಸಾವಿರ ಚೀಲ ಸಸಿ ಮಾಡುತ್ತಿದ್ದವಳು ಈ ವರ್ಷವೇ ಎಂಟು ಸಾವಿರ ಮಾಡಿದ್ದೆ. ಪಂಚಾಯಿತಿ ನಲ್ಲಿಯಿಂದ ಕೊಡ ಹೊತ್ತು ಹೊತ್ತು ನಿನ್ನ ಸೊಂಟ ಹಿಡಿಯಿತು. ನಾನೂ ಹೊತ್ತೆ, ನೋಡಿದವರಿಗೆ ಎಂಥ ಗಂಡ ಅನ್ನಿಸುವ ಹಾಗೆ. ಎಲೆಗಳು ಮಡಚಿಕೊಂಡವು, ಕಂದಾದವು. "ಚೀಲ ಜಾಸ್ತಿ ಮಾಡಿದ್ನಲ್ಲ ರೀ, ಅದಕ್ಕೇ ಹಿಂಗಾಯ್ತೇನೋ" ಎಂದು ನೀನು ಅನುಮಾನದಲ್ಲಿ ಕೇಳಿದೆ.

ನಾನು ಆ ಮಾತನ್ನು ಹಿಡಿದುಕೊಂಡೆ. ಸಸಿ ಕೇಳಲು ಬಂದಿದ್ದವರ ಎದುರಿಗೆ, ಕೆಳಗಿನ ತೋಟದ ರಂಗಸ್ವಾಮಿಯ ಎದುರಿಗೆ, ಆಸೆಗೊಂದು ಮಿತಿ ಬೇಡವಾ, ಒರತೆಯನ್ನೇ ಕುಡಿದುಹಾಕಿದೆ ಎಂದು ನಿನ್ನನ್ನು ಬೈದೆ. ನೀನು ನೀರು ಹಾಕುವ ಕ್ಯಾನನ್ನು ತೊಳೆದು ಬೋರಲು ಹಾಕಿದೆ, ಮೂರನೇ ದಿನ ಬಸ್ಸು ಹತ್ತಿದೆ.

ಬೈಯುವಾಗ ನನಗೆ ಎಲ್ಲ ಗೊತ್ತಿತ್ತು. ಹಿಂದಿನ ದಿನವೇ ರಂಗಸ್ವಾಮಿಯ ಬೇಲಿಯ ಹತ್ತಿರ, ಎಂದೂ ನೀರಿಲ್ಲದ ಕಡೆ, ಬಿರುಬಿಸಿಲಿನಲ್ಲಿ ಹೊಸ ನೀರು ಉಕ್ಕುವುದನ್ನು ನಿಂತು ನೋಡಿ ಬಂದಿದ್ದೆ. ಅವನು ದೇವರು ಕೊಟ್ಟ ಎಂದುಕೊಂಡು ಅಲ್ಲಿ ಬಾಳೆ ಹಾಕಿದ್ದಾನೆ.

ನಿನ್ನಕ್ಕ ಸಿಕ್ಕ ಮಾರನೇ ದಿನ ಚಪ್ಪಡಿ ಸರಿಸಿ ಉಳಿ ಹಿಡಿದು ಕೂತೆ. ಮೂರು ದಿನ ಒಡೆದೆ. ಕಲ್ಲು ತೇವವಾಗಿದೆ, ನೀರಿಲ್ಲ. ನಂಜುಂಡನನ್ನು ಕೇಳಿದರೆ, "ಬಂದ್ರೆ ಬಂತು ಅಣ್ಣ, ಒಂದು ಮಳೆಗಾಲ ನೋಡ್ಬೇಕು" ಎನ್ನುತ್ತಾನೆ. ರಂಗಸ್ವಾಮಿಗೆ ನಿಜ ಹೇಳಿದೆ, ಅವತ್ತು ಸಸಿಗೆ ಬಂದಿದ್ದವರ ಮನೆಗೂ ಹೋಗಿ ಹೇಳಿ ಬಂದೆ. ಪಾರ್ವತಮ್ಮನ ಹತ್ತಿರವೂ ಹೋಗಿದ್ದೆ. ಹದಿನೈದನೇ ದಿನಕ್ಕೆ ನನ್ನ ಹತ್ತಿರ ನೀರಿಲ್ಲ ತಾಯಿ, ಯಾರ ಹತ್ತಿರವೂ ಇಲ್ಲ, ಆ ಬಾಂಬುಗಳನ್ನು ಇಟ್ಟುಕೊಳ್ಳದೆ ಇರುವುದೊಂದೇ ಉಪಾಯ ಎಂದೆ. ಅವಳು, "ಅದನ್ನ ಅವತ್ತೇ ಹೇಳ್ಬಾರ್ದಿತ್ತಾ ಸಾರ್. ಎರಡು ಡ್ರಮ್ ತಗೊಂಬುಟ್ಟೆ" ಎಂದಳು. ಸಿಟ್ಟು ಮಾಡಿಕೊಂಡಿದ್ದರೂ ವಾಸಿಯಿತ್ತು.

ವಾಪಸ್ ಬಾ ಎಂದು ಈ ಕಾಗದದಲ್ಲಿ ಕೇಳುತ್ತಿಲ್ಲ. ಕೇಳುವಷ್ಟು ಮುಖ ಇಲ್ಲ. ಅಲ್ಲೇ ಇದ್ದರೂ ಸರಿ, ಬೀಜದ ಹಣ್ಣು ಆರಿಸು. ನಿನ್ನಕ್ಕನ ತೋಟದ ಹಳೇ ಗಿಡಗಳು ಚೆನ್ನಾಗಿವೆ ಎಂದು ನೀನೇ ಹೇಳುತ್ತಿದ್ದೆ. ನಿನ್ನ ಕೈಗೆ ಏನೂ ಆಗಿಲ್ಲ. ನಾನು ಒಂದು ಬಾಂಬೂ ಬೀಳದೆ ಮನೆಯ ಒರತೆ ಕೆಡಿಸಿದವನು, ನನ್ನ ತಪ್ಪನ್ನು ನೀನು ಹೊರಬೇಡ.

ಏನೆಂದು ಸಹಿ ಮಾಡಬೇಕೋ ತಿಳಿಯದ,
ರಾಜಶೇಖರ್

ಮರೆತು ಬಿಟ್ಟಿದ್ದಲ್ಲ, ಬರೆಯಲಾಗದೆ ಬಿಟ್ಟಿದ್ದು: ಚಪ್ಪಡಿಗೆ ಕಬ್ಬಿಣದ ಪಟ್ಟಿ ಬಿಗಿದು ಬೀಗ ಹಾಕಿದ್ದೆನಲ್ಲ, ಕಾಡುಹಂದಿಗೆ ಎಂದು ನಿನಗೆ ಹೇಳಿದ್ದೆ. "ಹಂದಿ ಬೀಗ ತೆಗೀತದೇನ್ರೀ" ಎಂದು ನೀನು ನಕ್ಕಿದ್ದೆ. ನಮ್ಮಿಬ್ಬರಿಗೆ, ಧನುಶ್ರೀಗೆ, ಅಳಿಯನಿಗೆ, ಮಗುವಿಗೆ ಹದಿನಾಲ್ಕು ದಿನಕ್ಕೆ ಆಗುವಷ್ಟು ನೀರು ನಿಲ್ಲುವ ಹಾಗೆ ಅಳೆದು ಆ ತೊಟ್ಟಿ ಕಟ್ಟಿದ್ದು. ನಲ್ಲಿ ನಿಂತರೆ ಅದೇ ಒರತೆಗೆ ಬರುವವರು ನಂಜುಂಡನ ಮನೆಯವರು, ಆರು ಜನ. ಅವರೂ ಕುಡಿದರೆ ಆರು ದಿನಕ್ಕೆ ಮುಗಿಯುತ್ತಿತ್ತು. ಬೀಗ ಅವರಿಗೆ. ಅದನ್ನು ಹಾಕುವಾಗ ಪಟ್ಟಿ ಅಲುಗದಂತೆ ಹಿಡಿದುಕೊಂಡಿದ್ದವನು ನಂಜುಂಡನೇ. ಈ ಕಾಗದ ತಂದಿರುವವನೂ ಅವನೇ, ಅವನಿಗೆ ಇನ್ನೂ ಹೇಳಿಲ್ಲ. ಅವನು ವಾಪಸ್ ಬಂದ ಮೇಲೆ ನಾನೇ ಹೇಳುತ್ತೇನೆ. ಓದಿದ್ದು ನಿನ್ನ ಮುಖದಲ್ಲಿ ಕಾಣದ ಹಾಗೆ ಅವನನ್ನು ಕಳಿಸು.